ಜೇಬಿನ ಬಾಯಿ

"ಸತ್ತರೂ ನಿಮ್ಮ ಜೊತೆ ಮಾತಾಡಲ್ಲ" ಎಂದು ಇಸ್ತ್ರಿ ಅಕ್ಕ ಹೊಲಿಗೆ ಟೀಚರಿಗೆ ಹೇಳಿ ಮೂವತ್ತೊಂದು ವರ್ಷವಾಗಿತ್ತು. ಯಾರು ಸತ್ತರೂ ಎಂದು ಆಗ ಅವಳು ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಈಗ ಸತ್ತವರು ಟೀಚರು. ಇಸ್ತ್ರಿ ಅಕ್ಕ ತನ್ನ ಅಂಗಡಿಯಲ್ಲಿ ನಿಂತು, ಎದುರು ಮನೆಯ ಕಡೆ ತಲೆಯೆತ್ತದೆ, ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬುತ್ತಿದ್ದಳು.

ಬೀದಿ ಅಗಲವಾದದ್ದಲ್ಲ. ಈ ಬದಿಯಲ್ಲಿ ಅವಳ ಅಂಗಡಿ, ಪಕ್ಕಕ್ಕೆ ಟೀ ಅಂಗಡಿ. ಆ ಬದಿಯಲ್ಲಿ ಶಾಲೆಯ ಗೇಟು, ಗೇಟಿಗೆ ಅಂಟಿಕೊಂಡಂತೆ ಟೀಚರ ಮನೆ. ಮನೆಯ ಮುಂದೆ ಶಾಲೆಯ ಬೆಂಚುಗಳನ್ನು ತಂದು ಎರಡು ಸಾಲು ಹಾಕಿದ್ದರು. ಚಿಕ್ಕ ಮಕ್ಕಳ ಬೆಂಚುಗಳಾದ್ದರಿಂದ ಕೂತ ದೊಡ್ಡವರ ಮೊಣಕಾಲು ಎದೆಯ ಹತ್ತಿರಕ್ಕೆ ಬಂದಿತ್ತು.

ಹತ್ತು ಗಂಟೆಯ ಹೊತ್ತಿಗೆ ಟೀಚರ ತಂಗಿಯ ಮಗಳು ಬೀದಿ ದಾಟಿ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನೊಳಗೆ ಬೂದು ಬಣ್ಣದ ಒಂದು ಉದ್ದ ಕೋಟು. ಬೇರೆ ಊರಿನವಳು, ಬೆಳಗಿನ ಬಸ್ಸಿಗೆ ಬಂದಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

"ಅಮ್ಮಾ, ಇದೊಂದು ಸ್ವಲ್ಪ ಬೇಗ ಆಗ್ಬೇಕಿತ್ತು. ಹನ್ನೆರಡಕ್ಕೆ ವ್ಯಾನು ಬರತ್ತೆ."

ಟೀ ಅಂಗಡಿಯವನು ಕೈ ಒರೆಸಿಕೊಳ್ಳುತ್ತ ಓಡಿಬಂದ. ಇಲ್ಲಿ ಬೇಡ, ಮುಂದಿನ ಬೀದಿಯಲ್ಲಿ ಇನ್ನೊಂದು ಅಂಗಡಿ ಇದೆ, ತಾನೇ ಮಾಡಿಸಿಕೊಂಡು ಬರುತ್ತೇನೆ ಎಂದು ಏನೇನೋ ಹೇಳಿದ. ಅವಳು ಅವನನ್ನೂ ಅಂಗಡಿಯನ್ನೂ ನೋಡಿದಳು. ಇದು ಇಸ್ತ್ರಿ ಅಂಗಡಿ ತಾನೆ ಎಂದು ಕೇಳಿದಳು.

"ನಮ್ಮ ದೊಡ್ಡಮ್ಮ ಊರಿಗೆಲ್ಲ ಬಟ್ಟೆ ಹೊಲಿದು ಕೊಟ್ರು. ತಾವು ಮಾತ್ರ ಯಾವಾಗ ನೋಡಿದ್ರೂ ಸುಕ್ಕು ಬಟ್ಟೆ. ಇದೊಂದು ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ರು. ಹೋಗುವಾಗಾದ್ರೂ ನೀಟಾಗಿ ಹೋಗ್ಲಿ ಅಂತ."

ಇಸ್ತ್ರಿ ಅಕ್ಕ ಕೋಟನ್ನು ಒಂದು ಕ್ಷಣ ನೋಡಿದಳು. ಅದನ್ನು ಅವಳು ಬಲ್ಲಳು.

"ಇಟ್ಟು ಹೋಗಮ್ಮ" ಎಂದಳು.

ಅವಳು ಅತ್ತ ಹೋದಮೇಲೆ ಟೀ ಅಂಗಡಿಯವನು ಅಲ್ಲೇ ನಿಂತಿದ್ದ. "ಏನು ನೋಡ್ತೀಯ? ಬಟ್ಟೆಗೂ ನನಗೂ ಜಗಳ ಇಲ್ಲ" ಎಂದಳು ಇಸ್ತ್ರಿ ಅಕ್ಕ. ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಆ ಮಾತಾದ ವರ್ಷವೇ ಟೀಚರು ಒಂದು ಸಲ ಬಟ್ಟೆಯ ಗಂಟು ಹಿಡಿದು ಬಂದಿದ್ದರು. ಇವಳು ಆ ಗಂಟನ್ನು ಎತ್ತಿ ಬೀದಿಗೆ ಎಸೆದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಟೀಚರು ಒಂದೊಂದೇ ಬಟ್ಟೆ ಹೆಕ್ಕಿ, ಧೂಳು ಕೊಡವಿ, ಮಾತಿಲ್ಲದೆ ಬೀದಿ ದಾಟಿದ್ದರು. ಆಮೇಲೆ ಇನ್ನೊಂದು ಅಂಗಡಿಗೂ ಅವರು ಹೋಗಲಿಲ್ಲ.

*

ಆ ವರ್ಷ ಶಾಲೆಗೆ ಒಂದು ಸುತ್ತೋಲೆ ಬಂದಿತ್ತು. ದೂರದ ದೇಶಗಳಲ್ಲಿ ಒಂದು ಲಸಿಕೆಗೆ ಗತಿಯಿಲ್ಲದೆ ಬಡಮಕ್ಕಳು ಸಾಯುತ್ತಿದ್ದಾರೆ, ಪ್ರತಿ ಶಾಲೆಯೂ ಕೈಲಾದಷ್ಟು ಹಣ ಕೂಡಿಸಿ ಕಳಿಸಬೇಕು ಎಂದು. ಹೆಡ್ಮಾಸ್ಟರು ಹಳೇ ಪೇಪರು ಮಾರೋಣ ಎಂದರು. ಡ್ರಿಲ್ ಮಾಸ್ಟರು ಓಟದ ಸ್ಪರ್ಧೆ ಇಡೋಣ ಎಂದರು, ಓಡಬೇಕಾದವರು ಅವರಲ್ಲವಲ್ಲ. ಹೊಲಿಗೆ ಟೀಚರು ಗುಂಡಿ ಹಚ್ಚುತ್ತ ಕೂತಿದ್ದವರು ತಲೆಯೆತ್ತಿ, ನಮ್ಮ ಮಕ್ಕಳು ಒಂದು ದಿನ ಬಾಯಿ ಮುಚ್ಚಿಕೊಂಡು ಕೂತರೆ ನೋಡಿದವರು ತಾವಾಗಿ ದುಡ್ಡು ಕೊಡುತ್ತಾರೆ ಎಂದರು. ಎಲ್ಲರೂ ನಕ್ಕರು. ನಕ್ಕಮೇಲೆ ಅದೇ ಸರಿ ಎನ್ನಿಸಿತು.

ಹೀಗೆ ಮೌನದ ದಿನ ಗೊತ್ತಾಯಿತು. ಬೆಳಿಗ್ಗೆ ಒಂಬತ್ತರ ಗಂಟೆಯಿಂದ ಸಂಜೆ ನಾಲ್ಕರ ಗಂಟೆಯವರೆಗೆ ಮಗು ಮಾತಾಡಬಾರದು. ಒಂದು ಗಂಟೆಯ ಮೌನಕ್ಕೆ ಇಷ್ಟು ಎಂದು ಮನೆಯವರೂ ಬೀದಿಯವರೂ ಮಗುವಿನ ಕಾರ್ಡಿನಲ್ಲಿ ಬರೆದುಕೊಡಬೇಕು. ತೀರಾ ಅಗತ್ಯ ಬಿದ್ದರೆ ಬರೆದು ತೋರಿಸಲು ಪ್ರತಿ ಮಗುವಿನ ಕೊರಳಿಗೆ ದಾರದಲ್ಲಿ ಪೋಣಿಸಿದ ಮೂರು ಚೀಟಿ. ದಾರ ಪೋಣಿಸಿದವರು ಹೊಲಿಗೆ ಟೀಚರೇ.

ಇಸ್ತ್ರಿ ಅಕ್ಕನ ಮಗಳಿಗೆ ಆಗ ಒಂಬತ್ತು ವರ್ಷ. ಬೀದಿಯವರೆಲ್ಲ ಅವಳನ್ನು ರೇಡಿಯೋ ಎಂದು ಕರೆಯುತ್ತಿದ್ದರು. ನಿದ್ದೆಯಲ್ಲೂ ಸ್ಟೇಷನ್ ಬದಲಾಗುತ್ತಿತ್ತು. ಅಪ್ಪನೆಂಬವನು ಇಲ್ಲದ ಮನೆಯಲ್ಲಿ ಅವಳ ಮಾತೇ ಸದ್ದು. ಅವಳ ಕಾರ್ಡಿಗೆ ಬರೆದಷ್ಟು ಧಾರಾಳವಾಗಿ ಬೀದಿಯವರು ಬೇರೆ ಯಾವ ಕಾರ್ಡಿಗೂ ಬರೆಯಲಿಲ್ಲ, ಕೊಡುವ ಪ್ರಮೇಯವೇ ಬರುವುದಿಲ್ಲವಲ್ಲ ಎಂದು. ಇವಳು ಹತ್ತು ನಿಮಿಷ ತಡೆದರೆ ಅಂಗಡಿಯನ್ನೇ ಬರೆದುಕೊಡುತ್ತೇನೆ ಎಂದಿದ್ದ ಟೀ ಅಂಗಡಿಯವನು. ರೇಡಿಯೋ ಸೊಂಟಕ್ಕೆ ಕೈಯಿಟ್ಟು, ಅಂಗಡಿ ಬೇಡ, ದಿನಾ ಒಂದು ಬನ್ನು ಸಾಕು ಎಂದಿದ್ದಳು.

ಆ ದಿನ ಬೆಳಿಗ್ಗೆ ಹೋಟೆಲಿನ ನಲವತ್ತು ಹಾಸಿಗೆ ಬಟ್ಟೆ ಒಂಬತ್ತರೊಳಗೆ ಮುಗಿಯಬೇಕಿತ್ತು. ಇಸ್ತ್ರಿ ಅಕ್ಕ ಇಪ್ಪತ್ತಮೂರನೆಯದರಲ್ಲಿ ಇದ್ದಳು. ಮಗಳು ಯೂನಿಫಾರ್ಮ್ ಹಾಕಿಕೊಂಡು ಮೇಜಿನ ಪಕ್ಕ ಬಂದು ನಿಂತಳು.

"ಅಮ್ಮಾ, ಹೊಟ್ಟೆ ನೋಯ್ತಿದೆ."

ಇಸ್ತ್ರಿ ಅಕ್ಕ ಬಟ್ಟೆಯಿಂದ ಕಣ್ಣು ತೆಗೆಯಲಿಲ್ಲ. "ಸುಮ್ನಿರೋಕೆ ಆಗಲ್ಲ ಅಂತ ನೇರವಾಗಿ ಹೇಳು. ಪಾಪ ಹೊಟ್ಟೆ ಮೇಲೆ ಯಾಕೆ ಹಾಕ್ತೀಯ?" ಎಂದಳು. ಆಮೇಲೆ, ಬಟ್ಟೆ ಮಡಿಸುತ್ತ, "ಹೋಗು. ಬಾಯಿಗೆ ಹೊಲಿಗೆ ಹಾಕ್ಕೊಂಡು ಸಂಜೆವರೆಗೆ ಕೂತಿದ್ದು ಬಾ. ಆಮೇಲೆ ನೋಡೋಣ" ಎಂದಳು.

ಮಗಳು ಸ್ವಲ್ಪ ಹೊತ್ತು ನಿಂತಳು. ಆಮೇಲೆ, ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸಿ, ತುಟಿಯ ಈ ತುದಿಯಿಂದ ಆ ತುದಿಯವರೆಗೆ ಹೊಲಿದುಕೊಂಡಳು. ಕೊನೆಗೆ ಗಂಟು ಹಾಕಿ, ದಾರ ಎಳೆದು ಕಡಿದಂತೆ ಮಾಡಿದಳು. ಇಸ್ತ್ರಿ ಅಕ್ಕನಿಗೆ ನಗು ಬಂತು. ನಗುತ್ತಲೇ ಇಪ್ಪತ್ತನಾಲ್ಕನೆಯದನ್ನು ಹರಡಿದಳು.

ಗಂಟೆ ಹೊಡೆಯಲು ಇನ್ನೂ ಹೊತ್ತಿತ್ತು. ಆದರೂ ಆ ಹುಡುಗಿ ಮತ್ತೆ ಬಾಯಿ ಬಿಡಲಿಲ್ಲ.

*

ಇದ್ದಿಲು ಇನ್ನೂ ಬೂದಿಯೊಳಗೆ ಕಪ್ಪಾಗಿಯೇ ಇತ್ತು. ಇಸ್ತ್ರಿ ಅಕ್ಕ ಬೀಸಣಿಗೆಯಿಂದ ಗಾಳಿ ಹಾಕುತ್ತ ಕೂತಳು. ಎದುರು ಬೆಂಚುಗಳ ಮಾತು ಅಷ್ಟಿಷ್ಟು ಕೇಳುತ್ತಿತ್ತು.

ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಆಸ್ಪತ್ರೆಯಲ್ಲಿ ನರ್ಸು, ಟೀಚರ ಅಡ್ಡಹೆಸರಿನ ಕತೆ ಹೇಳುತ್ತಿದ್ದಳು. ಟೀಚರು ರಿಟೈರಾಗುವವರೆಗೆ ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತು ಒಳಗೆ ಬರುವ ಒಂದೊಂದು ಮಗುವನ್ನೂ, "ಎಲ್ಲಾದ್ರೂ ನೋವಿದೆಯಾ ಮರಿ?" ಎಂದು ಕೇಳುತ್ತಿದ್ದರು. ಹತ್ತೊಂಬತ್ತು ವರ್ಷ ಕೇಳಿದರು. ಮಕ್ಕಳು ಅವರಿಗೆ ನೋವು ಟೀಚರ್ ಎಂದೇ ಹೆಸರಿಟ್ಟರು.

"ಗಣಿತ ಪರೀಕ್ಷೆ ದಿನ ನನಗೆ ಮೊಣಕೈ ನೋಯೋದು" ಎಂದಳು ನರ್ಸು.

"ಮೊಣಕೈಯಾ?" ಎಂದ ಶಾಲೆಯ ಹಳೇ ಜವಾನ.

"ಇನ್ನೇನು ಮಾಡ್ಲಿ? ತಲೆ, ಹೊಟ್ಟೆ ಎಲ್ಲ ಮುಂದಿನೋರು ಖಾಲಿ ಮಾಡಿಬಿಟ್ಟಿರೋರು. ಆದ್ರೂ ಕೂರಿಸಿಕೊಂಡು ಮೊಣಕೈ ಒತ್ತಿ ಒತ್ತಿ ನೋಡೋರು. ಒಂದು ದಿನಾನೂ ಸುಳ್ಳು ಅನ್ನಲಿಲ್ಲ."

ಬೆಂಚಿನವರು ನಕ್ಕರು. ಜವಾನನಿಗೂ ಮಾತು ಬಂತು. ಆಮೇಲಿನ ವರ್ಷಗಳಲ್ಲಿ ಟೀಚರು ಹಟ ಹಿಡಿದು ಗಲಾಟೆ ದಿನ ಮಾಡಿಸಿದ್ದನ್ನು ನೆನೆಸಿಕೊಂಡ. ಮಕ್ಕಳು ತಟ್ಟೆ, ಡಬ್ಬ, ಪೀಪಿ ಹಿಡಿದು ಬೀದಿಗಿಳಿದರೆ, ಬೀದಿಯವರು, ಸಾಕು ನಿಲ್ಲಿಸಿ ಪುಣ್ಯಾತ್ಮರೇ ಎಂದು ಡಬ್ಬಿಗೆ ದುಡ್ಡು ಹಾಕುತ್ತಿದ್ದರು. "ಮೌನಕ್ಕಿಂತ ಅದಕ್ಕೇ ಜಾಸ್ತಿ ಬರ್ತಿತ್ತು" ಎಂದ. ಅಂದವನೇ ನಾಲಿಗೆ ಕಚ್ಚಿಕೊಂಡು ಇಸ್ತ್ರಿ ಅಂಗಡಿಯ ಕಡೆ ನೋಡಿದ. ಎಲ್ಲರೂ ನೋಡಿದರು.

ಇಸ್ತ್ರಿ ಅಕ್ಕ ಗಾಳಿ ಹಾಕುತ್ತಿದ್ದಳು. ಪ್ರತಿ ವರ್ಷ ಆ ದಿನ ಅವಳು ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಕೂರುತ್ತಿದ್ದಳು. ತನ್ನನ್ನು ಅಣಕಿಸಲಿಕ್ಕೇ ಈ ಹೆಂಗಸು ಗಲಾಟೆ ಮಾಡಿಸುತ್ತಾಳೆ ಎಂದುಕೊಳ್ಳುತ್ತಿದ್ದಳು. ಹಾಗೆ ಅಂದುಕೊಂಡರೆ ಆ ದಿನ ಹೇಗೋ ಕಳೆಯುತ್ತಿತ್ತು.

ಹೆಡ್ಮಾಸ್ಟರಿಗೆ ಈಗ ಎಂಬತ್ತೈದು, ಕಿವಿ ಮಂದ. ಅವರು ಪಕ್ಕದವನ ಹತ್ತಿರ ಪಿಸುಗುಟ್ಟಿದ್ದು ಇಡೀ ಬೀದಿಗೆ ಕೇಳಿಸಿತು.

"ಆ ಮಗುವಿನ ಒಂದು ಕಾರ್ಡಿನಿಂದಲೇ ನೂರಾ ಹತ್ತು ಮಕ್ಕಳಿಗೆ ಲಸಿಕೆ ಆಯ್ತು ಅಂತ ಕಾಗದ ಬಂದಿತ್ತಪ್ಪ. ಆ ತಾಯಿಗೆ ಕೊಡ್ಬೇಕಿತ್ತು. ಯಾರು ರಸ್ತೆ ದಾಟೋದು? ನನಗೆ ಧೈರ್ಯ ಬರಲಿಲ್ಲ. ಟೀಚರ್ ಕೈಗೆ ಕೊಟ್ಟೆ. ಅವರಿಗೂ ಬರಲಿಲ್ಲ."

ಇಸ್ತ್ರಿ ಅಕ್ಕನ ಕೈ ನಿಂತಿತು. ನೂರಾ ಹತ್ತು. ಅಷ್ಟು ಮಕ್ಕಳ ಮುಖ ಹೇಗಿರುತ್ತದೆಂದು ಅವಳಿಗೆ ಹೊಳೆಯಲಿಲ್ಲ. ಅವರಿಗೆಲ್ಲ ಈಗ ಮಕ್ಕಳಿರಬಹುದು.

*

ಆ ಮೌನದ ದಿನ ಹಾಲಿನ ವ್ಯಾನು ತಡೆದು, ತಮ್ಮ ಬೂದು ಕೋಟಿನಲ್ಲಿ ಸುತ್ತಿಕೊಂಡು, ಟೀಚರೇ ಮಗುವನ್ನು ಆಸ್ಪತ್ರೆಗೆ ಒಯ್ದಿದ್ದರು. ಕೊನೆಯ ಪೀರಿಯಡ್ಡಿನಲ್ಲಿ ಅದು ಬೆಂಚಿನಿಂದ ಕೆಳಗೆ ಬಿದ್ದಿತ್ತು. ಸುದ್ದಿ ತಿಳಿದು ಇಸ್ತ್ರಿ ಅಕ್ಕ ಓಡಿ ತಲುಪುವ ಹೊತ್ತಿಗೆ ಆಪರೇಷನ್ ಕೋಣೆಯ ಬಾಗಿಲು ಹಾಕಿತ್ತು. ತೆರೆದಾಗ ಆರು ಗಂಟೆ. ಡಾಕ್ಟರು ಕೈಗವಸು ಕಳಚುತ್ತ ಹೊರಗೆ ಬಂದು, ಅಪೆಂಡಿಕ್ಸ್ ಒಳಗೇ ಒಡೆದು ನಂಜು ಹರಡಿತ್ತು, ಉಳಿಸಿಕೊಳ್ಳಲಾಗಲಿಲ್ಲ ಎಂದರು. ಅವರ ದನಿಯಲ್ಲಿ ಕೋಪವಿತ್ತು, ಎದುರಿಗಿದ್ದ ಇಬ್ಬರು ಹೆಂಗಸರಲ್ಲಿ ಯಾರ ಮೇಲೆಂದು ಅವರಿಗೇ ಗೊತ್ತಿರಲಿಲ್ಲ.

"ಬೆಳಿಗ್ಗೇನೇ ನೋವಿದ್ದಿರಬೇಕು. ಬೆಳಿಗ್ಗೆ ಕರ್ಕೊಂಡು ಬಂದಿದ್ರೆ ಉಳೀತಿತ್ತು. ಮಗು ಯಾರಿಗೂ ಹೇಳಲಿಲ್ವಾ?"

ಇಸ್ತ್ರಿ ಅಕ್ಕ ಹೇಳಬೇಕಾದ ಮಾತು ಒಂದೇ ಇತ್ತು, ನಾಲಿಗೆಯ ತುದಿಗೂ ಬಂದಿತ್ತು. ಟೀಚರು ಕೋಟಿನ ಬಲಗಡೆಯ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದರು. ಅವರು ಒಮ್ಮೆ ಇವಳ ಮುಖ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿದರು.

"ಮಾತಾಡಬೇಡ ಅಂದವಳು ನಾನು, ಡಾಕ್ಟ್ರೇ."

ಅಷ್ಟು ಸಿಕ್ಕಿದ್ದೇ ಸಾಕಾಯಿತು. ಇಸ್ತ್ರಿ ಅಕ್ಕ ಆ ಮಾತನ್ನು ಮುಳುಗುವವಳು ಹಲಗೆ ಹಿಡಿದಂತೆ ಹಿಡಿದುಕೊಂಡಳು. ನಿಮ್ಮ ಮೌನ ನನ್ನ ಮಗಳನ್ನು ತಿಂದುಹಾಕಿತು ಎಂದಳು. ಯಾವುದೋ ಊರಿನ ಮಕ್ಕಳನ್ನು ಉಳಿಸಲು ನನ್ನದೇ ಬೇಕಿತ್ತೇ ಎಂದಳು. ಕಾರಿಡಾರಿನ ಜನವೆಲ್ಲ ಎದ್ದು ನಿಂತರು. ಕೊನೆಗೆ ಅಂದದ್ದು ಅದು, ಸತ್ತರೂ ನಿಮ್ಮ ಜೊತೆ ಮಾತಾಡಲ್ಲ ಎಂದು. ಟೀಚರು ಜೇಬಿನಿಂದ ಕೈ ತೆಗೆಯಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ.

ಮಗುವನ್ನು ಮನೆಗೆ ತಂದಾಗ ಕೊರಳ ದಾರದಲ್ಲಿ ಎರಡು ಚೀಟಿ ಇದ್ದವು. ಎರಡೂ ಖಾಲಿ. ಇಸ್ತ್ರಿ ಅಕ್ಕ ದಾರದ ಸಮೇತ ಅವನ್ನು ಮೇಜಿನ ಕೆಳಗಿನ ಡಬ್ಬಿಯಲ್ಲಿಟ್ಟಳು. ಮೂರನೆಯದು ಎಲ್ಲಿ, ಅದರಲ್ಲಿ ಮಗಳು ಏನು ಬರೆದಿದ್ದಳು ಎಂದು ಅವಳು ಅಂದಿನಿಂದ ಯೋಚಿಸದ ದಿನವಿಲ್ಲ. ನೀರು ಕೇಳಿದ್ದಳೋ, ಅಮ್ಮನನ್ನು ಕರೆಯಿರಿ ಎಂದಿದ್ದಳೋ. ಗೊತ್ತಿದ್ದವರು ಒಬ್ಬರೇ. ಎದುರು ಮನೆಯಲ್ಲೇ ಇದ್ದರು. ಹನ್ನೆರಡು ಹೆಜ್ಜೆ. ಮಾತಾಡುವುದಿಲ್ಲವೆಂದು ಆಣೆ ಹಾಕಿದ್ದಕ್ಕೆ ಕೇಳಲಾಗುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕೇಳಲು ಹೆದರಿಕೆ ಎಂಬುದನ್ನು ಮಾತ್ರ ಹೇಳಿಕೊಳ್ಳಲಿಲ್ಲ. ಇವತ್ತು ಹನ್ನೆರಡಕ್ಕೆ ವ್ಯಾನು ಬಂದುಬಿಟ್ಟರೆ ಆಮೇಲೆ ಕೇಳಬೇಕೆಂದರೂ ಯಾರೂ ಇರುವುದಿಲ್ಲ. ಈಗಲೂ ಇಲ್ಲ.

*

ಇದ್ದಿಲು ಕೆಂಪಾಯಿತು. ಅವಳು ಕೋಟನ್ನು ಮೇಜಿನ ಮೇಲೆ ಹರಡಿ ನೀರು ಚಿಮುಕಿಸಿದಳು. ಕಾಲರು ಮೊದಲು, ಆಮೇಲೆ ತೋಳು. ಟೀಚರು ತಾವೇ ಹೊಲಿದ ಕೋಟು. ಎಲ್ಲೂ ಒಂದು ಎಳೆ ಹೆಚ್ಚುಕಡಿಮೆ ಇರಲಿಲ್ಲ. ಎಡ ಮುಂಗೈಯ ಹತ್ತಿರ ಹಾಲಿನ ವ್ಯಾನಿನ ಗ್ರೀಸಿನ ಕಲೆ ಹಾಗೇ ಇತ್ತು. ಒಗೆದಿರಲಿಲ್ಲ.

ಜೇಬು ನೋಡದೆ ಪೆಟ್ಟಿಗೆ ಇಡಬಾರದು ಎಂಬುದು ಅವಳ ಕಸುಬಿನ ಮೊದಲ ಪಾಠ. ಪೆನ್ನು, ಬಸ್ ಟಿಕೇಟು, ಪ್ರೇಮಪತ್ರ, ಏನೇನೋ ಸಿಕ್ಕಿವೆ. ಎಡಜೇಬಿಗೆ ಕೈ ಹಾಕಿದಳು. ಖಾಲಿ. ಬಲಜೇಬಿಗೆ ಕೈ ಹೋಗಲಿಲ್ಲ. ಬಗ್ಗಿ ನೋಡಿದಳು. ಜೇಬಿನ ಬಾಯಿಯನ್ನು ಹೊಲಿದುಬಿಟ್ಟಿದ್ದರು. ಬೂದು ಬಣ್ಣದ್ದೇ ದಾರ, ಒತ್ತೊತ್ತಾದ ಕೈಹೊಲಿಗೆ, ಈ ತುದಿಯಿಂದ ಆ ತುದಿಯವರೆಗೆ. ತುದಿಯಲ್ಲಿ ಗಂಟು.

ಮೇಲಿನಿಂದ ಅಂಗೈ ಒತ್ತಿದಳು. ಒಳಗೆ ಕಾಗದದ ಸದ್ದಾಯಿತು.

ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಗುಂಡಿ ಬಿಡಿಸುವ ಬ್ಲೇಡು ತಂದು ಒಂದೊಂದೇ ಹೊಲಿಗೆ ಬಿಡಿಸಿದಳು. ಅವಸರ ಮಾಡಲಿಲ್ಲ, ಬಟ್ಟೆ ಹರಿಯಬಾರದು. ಎರಡು ಬೆರಳಿಗೆ ಸಿಕ್ಕಿದ್ದು ಮೇಲಿನ ತುದಿಯಲ್ಲಿ ದಾರಕ್ಕೆಂದು ತೂತು ಮಾಡಿದ ಒಂದು ಚೀಟಿ.

ಪೆನ್ಸಿಲ್ ಅಕ್ಷರ ಅಳಿಸಿರಲಿಲ್ಲ. ಒಂದು ಮಗ್ಗುಲಲ್ಲಿ ದೊಡ್ಡದಾಗಿ, ತರಗತಿಯಲ್ಲಿ ಬರೆದದ್ದು: "ಹೋಟ್ಟೆ ತುಂಬಾ ನೋವು." ತಿರುವಿದಳು. ಇನ್ನೊಂದು ಮಗ್ಗುಲಿನ ಅಕ್ಷರಗಳು ವ್ಯಾನಿನ ಕುಲುಕಾಟಕ್ಕೆ ಮೇಲೆ ಕೆಳಗೆ ಹೋಗಿದ್ದವು. ಯಾವಾಗಿನಿಂದ ನೋವು ಎಂದು ಟೀಚರು ಕೇಳಿದ್ದಿರಬೇಕು. ನಾಲ್ಕರ ಗಂಟೆ ಆಗದೆ ಹುಡುಗಿ ಬಾಯಿ ಬಿಟ್ಟಿರಲಿಕ್ಕಿಲ್ಲ.

"ಬೆಳಿಗ್ಗೆಇಂದ. ಅಮ್ಮಂಗೆ ಹೇಳ್ದೆ. ಅಮ್ಮಂಗೆ ಕೆಲಸ ಇತ್ತು. ನಾನು ಹೇಳ್ದೆ ಅಂತ ಯಾರಿಗೂ ಹೇಳ್ಬೇಡಿ ಟೀಚರ್. ಎಲ್ರೂ ಅಮ್ಮಂಗೆ ಬೈತಾರೆ."

ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಮಗುವಿಗೆ ಸಮಾಧಾನವಾಗಲೆಂದು ಅದರಂತೆಯೇ ಬರೆದುಕೊಟ್ಟ ಒಂದು ಮಾತು: "ಹೇಳಲ್ಲ." ಪಕ್ಕದಲ್ಲಿ ಟೀಚರ ಸಹಿ.

ಟೀ ಅಂಗಡಿಯವನು ಆ ಕಡೆಯಿಂದ, ಅಕ್ಕಾ, ಬಟ್ಟೆ ಸುಟ್ಟ ವಾಸನೆ ಎಂದ. ಪಕ್ಕಕ್ಕಿಟ್ಟ ಪೆಟ್ಟಿಗೆಯ ಕೆಳಗೆ ಮೇಜಿನ ಹಾಸು ಕರಕಲಾಗುತ್ತಿತ್ತು. ನಲವತ್ತು ವರ್ಷದ ಕಸುಬಿನಲ್ಲಿ ಅವಳು ಮೊದಲ ಸಲ ಬಟ್ಟೆ ಸುಟ್ಟಳು. ಅವಳು ಪೆಟ್ಟಿಗೆ ಎತ್ತಿ ನಿಲ್ಲಿಸಿ, ಕೋಟಿನ ಉಳಿದ ಭಾಗಕ್ಕೆ ಇಸ್ತ್ರಿ ಮಾಡಿದಳು. ಬೆನ್ನು, ಎರಡು ಮಗ್ಗುಲು, ಕೆಳ ಅಂಚು. ಒಂದು ಸುಕ್ಕೂ ಉಳಿಯದಂತೆ ಮಾಡಿದಳು. ಆಮೇಲೆ ಮೇಜಿನ ಕೆಳಗಿಂದ ಡಬ್ಬಿ ತೆಗೆದಳು.

*

ಅವಳು ಬೀದಿ ದಾಟಿದಾಗ ಬೆಂಚಿನವರೆಲ್ಲ ಎದ್ದರು. ಯಾರೂ ಅವಳನ್ನು ಆ ಬಾಗಿಲಲ್ಲಿ ಕಂಡಿರಲಿಲ್ಲ. ಒಳಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನನ್ನು ಗೋಡೆಗೆ ಸರಿಸಿ ಮಂಚ ಹಾಕಿದ್ದರು. ಮೆಷಿನ್ನಿನ ಸೂಜಿಯಲ್ಲಿ ದಾರ ಪೋಣಿಸಿಯೇ ಇತ್ತು. ಟೀಚರು ಚಿಕ್ಕದಾಗಿ ಕಂಡರು. ತಂಗಿಯ ಮಗಳೂ ನರ್ಸೂ ಅವರನ್ನು ಎತ್ತಿ ಹಿಡಿದರು. ಇಸ್ತ್ರಿ ಅಕ್ಕ ಒಂದೊಂದೇ ತೋಳು ಏರಿಸಿ ಕೋಟು ತೊಡಿಸಿ, ಗುಂಡಿ ಹಾಕಿ, ಕಾಲರು ಸರಿಮಾಡಿದಳು.

ಹೆಡ್ಮಾಸ್ಟರು ಕೋಲೂರಿಕೊಂಡು ಹತ್ತಿರ ಬಂದರು. ಅವರ ಕಣ್ಣು ತುಂಬಿತ್ತು.

"ಕೊನೆಗೂ ಬಂದೆಯಲ್ಲಮ್ಮ. ಅವರನ್ನ ಕ್ಷಮಿಸಿಬಿಟ್ಟೆ. ದೊಡ್ಡ ಮನಸ್ಸು ನಿನ್ನದು."

ಬಾಗಿಲಲ್ಲಿ ನಿಂತವರು ತಲೆಯಾಡಿಸಿದರು. ಇಸ್ತ್ರಿ ಅಕ್ಕ ಸುಮ್ಮನಿದ್ದು ಬಿಡಬಹುದಿತ್ತು. ಚೀಟಿ ಅವಳ ಮುಷ್ಟಿಯಲ್ಲಿತ್ತು. ಅದನ್ನು ಬಲ್ಲವರು ಇನ್ನು ಯಾರೂ ಇರಲಿಲ್ಲ.

"ಬೆಳಿಗ್ಗೆ ನನಗೆ ಹೇಳಿದ್ಲು" ಎಂದಳು.

ಹೆಡ್ಮಾಸ್ಟರಿಗೆ ಕೇಳಿಸಲಿಲ್ಲ. ಅವರು ಕಿವಿಗೆ ಕೈ ಅಡ್ಡ ಹಿಡಿದರು. ಅವಳು ಇನ್ನೊಮ್ಮೆ, ಬೀದಿಗೆ ಕೇಳುವಷ್ಟು ಜೋರಾಗಿ ಹೇಳಬೇಕಾಯಿತು.

"ನನ್ನ ಮಗಳು ಬೆಳಿಗ್ಗೆ ನನಗೆ ಹೇಳಿದ್ಲು ಸಾರ್, ಹೊಟ್ಟೆ ನೋವು ಅಂತ. ನಾನೇ ಬಾಯಿ ಮುಚ್ಚಿಕೊಂಡು ಹೋಗು ಅಂದೆ. ಇವರಿಗೆ ಅದು ಗೊತ್ತಿತ್ತು."

ಯಾರೂ ಬೈಯಲಿಲ್ಲ. ಟೀ ಅಂಗಡಿಯವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದ. ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು.

ಅವಳು ಮೂರನೆಯ ಚೀಟಿಯನ್ನು ಹಳೆಯ ದಾರಕ್ಕೆ ಪೋಣಿಸಿ, ಮೂರನ್ನೂ ಒಟ್ಟಿಗೆ ಕೋಟಿನ ಬಲಜೇಬಿಗೆ ಇಳಿಬಿಟ್ಟಳು. ತಂಗಿಯ ಮಗಳು ಕಣ್ಣೊರೆಸಿಕೊಂಡು, ಜೇಬು ಬಿಚ್ಚಿಕೊಂಡಿದೆ, ಎರಡು ಹೊಲಿಗೆ ಹಾಕಲಾ ಎಂದು ಮೆಲ್ಲಗೆ ಕೇಳಿದಳು. ಇಸ್ತ್ರಿ ಅಕ್ಕ ಬೇಡವೆಂದು ತಲೆಯಾಡಿಸಿದಳು.

ಆಮೇಲೆ ಮಂಚದ ಪಕ್ಕ ಮೊಣಕಾಲೂರಿ ಕೂತು ಟೀಚರ ಕಿವಿಯ ಹತ್ತಿರ ಬಗ್ಗಿದಳು.

"ಎಲ್ಲಿ ನೋವಿತ್ತು ಟೀಚರ್?"

ವ್ಯಾನಿನವನು ಎರಡು ಸಲ ಒಳಗೆ ಇಣುಕಿ ನೋಡಿ ಹೋದ. ಇಸ್ತ್ರಿ ಮಾಡಿದ ಕೋಟಿನ ಮೇಲೆ ಜೇಬಿನ ಬಾಯಿ ತೆರೆದುಕೊಂಡಿತ್ತು. ದಾರದ ತುದಿ ಹೊರಗೆ ಕಾಣುತ್ತಿತ್ತು.

ಟೀಚರು ಕೊಟ್ಟ ಮಾತು ಉಳಿಸಿಕೊಂಡಿದ್ದರು. ಇಸ್ತ್ರಿ ಅಕ್ಕ ಮಾತು ಮುರಿದಳು.